ತುಟಿ ಮುಚ್ಚುವಷ್ಟು ಕೆಲಸ

ಕೂತವರು ಕೂತಂತೆಯೇ ಕೇಳಬಹುದು, ನಿಂತವರು ಗೋಡೆಗೆ ಒರಗಬಹುದು. ಒರಗಿದವನೊಬ್ಬನ ಕಥೆ ಇದು. ಎದ್ದು ನಿಂತು ಕೈಮುಗಿದು ಕೇಳುವಂಥ ಪುಣ್ಯಕಥೆಯೇನಲ್ಲ.

ತಮಿಳು ಸೀಮೆಯ ಸೋಮನೂರಿನಲ್ಲಿ ಮಗ್ಗದ ಸದ್ದು ನಿಲ್ಲದ ಒಂದು ಬೀದಿ. ಆ ಬೀದಿಯ ಕೊನೆಯಿಂದ ಮೂರನೆಯ ಮನೆ ಹರಿಹರನ್‌ನದು. ಮನೆಗೆ ಅಂಟಿಕೊಂಡು ಒಂದು ಶೆಡ್ಡು, ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ. ಯಾವ ತಾತನ ತಾತನ ಕಾಲದಲ್ಲೋ ಕನ್ನಡ ನಾಡಿನಿಂದ ಬಂದು ನೆಲೆ ನಿಂತ ನೇಯ್ಗೆಯವರ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಹೊಸ್ತಿಲ ಮೇಲೆ ನಿಂತಾಗ ಯಾವುದು ಬಾಯಿಗೆ ಬಂತೋ ಅದು. ಚೌಡಮ್ಮನ ಗುಡಿಯಲ್ಲಿ ಹೇಳುವ ಕನ್ನಡ ಪದ್ಯಗಳನ್ನೂ ಆ ಜನ ತಮಿಳಕ್ಷರದಲ್ಲಿ ಬರೆದಿಟ್ಟುಕೊಂಡೇ ಹಾಡುತ್ತಾರೆ. ತಾಯಿ ಎರಡನ್ನೂ ಬಲ್ಲವಳು, ಕೇಳಿಸಿಕೊಳ್ಳುತ್ತಾಳೆ.

ಮಗ್ಗದ ಮುಂದೆ ಹರಿಹರನ್ ಸೋಮಾರಿ ಎಂದು ಹೇಳಿದರೆ ನಾಲಿಗೆಗೆ ಪಾಪ ಬಂದೀತು. ಎಳೆ ಕಡಿದರೆ ಮಗ್ಗ ತಾನೇ ಗಕ್ಕನೆ ನಿಲ್ಲುತ್ತದೆ. ನಿಂತದ್ದನ್ನು ಸರಿಮಾಡದೆ ವಿಧಿಯಿಲ್ಲ. ಮನೆಗೆ ಆ ಸದ್ಗುಣವಿಲ್ಲ. ಮನೆಯಲ್ಲಿ ಏನು ಮುರಿದರೂ ಮನೆ ನಿಲ್ಲುವುದಿಲ್ಲ, ಕುಂಟುತ್ತ ನಡೆಯುತ್ತದೆ. ಹಾಗಾಗಿ ಹಿತ್ತಲ ಕೊಳಾಯಿ ಹರಕು ಬಟ್ಟೆ ಸುತ್ತಿಕೊಂಡು ಮೂರು ವರ್ಷದಿಂದ ತೊಟ್ಟಿಕ್ಕುತ್ತಿತ್ತು. ನಡುಮನೆಯ ಗಡಿಯಾರ ಮಗಳ ಮದುವೆಯ ಮಾರನೆಯ ದಿನ ನಾಲ್ಕೂ ಹತ್ತಕ್ಕೆ ನಿಂತು, ಅಂದಿನಿಂದ ಆ ಮನೆಯಲ್ಲಿ ಯಾವಾಗಲೂ ಕಾಫಿಯ ಹೊತ್ತು. ಮಾಳಿಗೆಗೆ ಹತ್ತುವ ಮೆಟ್ಟಿಲುಗಳಲ್ಲಿ ನಾಲ್ಕನೆಯದು ಕುಸಿದು, ಮನೆಮಂದಿ ಮೂರರಿಂದ ಐದಕ್ಕೆ ಹಾರುವುದನ್ನು ಕಲಿತಿದ್ದರು. ಇನ್ನು ಮಾಳಿಗೆಯ ಮೇಲಿನ ಸಿಮೆಂಟ್ ತೊಟ್ಟಿ. ಅದನ್ನು ತೊಳೆದದ್ದು ಯಾವಾಗ ಎಂದು ಕೇಳಿದರೆ ಚೌಡಮ್ಮನೇ ಬೆರಳು ಮಡಿಸಿ ಎಣಿಸಬೇಕು.

ಇದಕ್ಕೆಲ್ಲ ಹರಿಹರನ್‌ನ ಹತ್ತಿರ ಒಂದೇ ಉತ್ತರವಿತ್ತು. "ಮುಂದಿನ ವಾರ."

ಮಾತು ಸಣ್ಣದು, ಮಹಿಮೆ ದೊಡ್ಡದು. ಕನ್ನಡದಲ್ಲಿ ಮುಂದಿನ ವಾರ ಎಂದರೆ ಬರುವ ವಾರ. ಇದು ಎಲ್ಲರಿಗೂ ಗೊತ್ತು. ತಮಿಳಿನಲ್ಲಿ ಮುಂದಿನ ವಾರಂ ಎಂದರೆ ಕಳೆದುಹೋದ ವಾರ. ಇದು ಸೋಮನೂರಿನವರಿಗೆ ಗೊತ್ತು. ಎರಡರ ನಡುವೆ ಇರುವುದು ಕೊನೆಯದೊಂದು 'ಮ್' ಮಾತ್ರ. ಬರೆಯುವವರಿಗೆ ಅದೊಂದು ಸೊನ್ನೆ, ಆಡುವವರಿಗೆ ತುಟಿ ಮುಚ್ಚುವಷ್ಟು ಕೆಲಸ. ಹರಿಹರನ್ ಆ ಕೆಲಸವನ್ನೂ ಮುಂದೂಡಿದ್ದ. ಯಾರು ಯಾವ ಭಾಷೆಯಲ್ಲಿ ಕೇಳಿದರೂ ಬಾಯಿ ತೆರೆದಂತೆಯೇ "ಮುಂದಿನ ವಾರ" ಎಂದು ಬಿಟ್ಟುಬಿಡುತ್ತಿದ್ದ. ಕನ್ನಡದವರು, ಮಾಡುತ್ತಾನೆ ಎಂದುಕೊಳ್ಳುತ್ತಿದ್ದರು. ತಮಿಳರು ಆ 'ಮ್' ಅನ್ನು ತಾವೇ ಸೇರಿಸಿಕೊಂಡು, ಮಾಡಿದ್ದಾನೆ ಎಂದುಕೊಳ್ಳುತ್ತಿದ್ದರು. ಹೀಗೆ ಮೂವತ್ತು ವರ್ಷ ಒಂದು ಸುಳ್ಳನ್ನೂ ಹೇಳದೆ, ಒಂದು ಕೆಲಸವನ್ನೂ ಮಾಡದೆ, ಎರಡು ಭಾಷೆಗಳ ನಡುವಿನ ಸಂದಿಯಲ್ಲಿ ಅವನು ಸುಖವಾಗಿ ಕಾಲು ಚಾಚಿಕೊಂಡಿದ್ದ.

ಆ ಸುಖಕ್ಕೆ ಕಲ್ಲು ಬಿದ್ದದ್ದು ಮೊಮ್ಮಗಳು ಹುಟ್ಟಿದಾಗ.

ಮಗಳು ವಿನೋದಿನಿಯನ್ನು ತುಡಿಯಲೂರಿಗೆ ಕೊಟ್ಟಿತ್ತು. ಅವರೂ ಇವರ ಜನವೇ, ಮನೆಯಲ್ಲಿ ಇದೇ ಕನ್ನಡ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಅದು ಸರ್ಕಾರದ ಕಾನೂನಲ್ಲ, ಅಜ್ಜಿಯರ ಕಾನೂನು, ಆದ್ದರಿಂದ ಮೀರುವಂತಿಲ್ಲ. ಹರಿಹರನ್‌ನ ಹೆಂಡತಿ ದ್ರಾಕ್ಷಾಯಣಿ ಅಟ್ಟದ ತೊಟ್ಟಿಲನ್ನು ಇಳಿಸಿ, ಒರೆಸಿ, ನಡುಮನೆಯ ತೊಲೆಗೆ ಕಟ್ಟಿದಳು. ಮಗುವನ್ನು ಆಸ್ಪತ್ರೆಯಿಂದ ಕರೆತರುವ ಮುಂಚಿನ ದಿನ ಬೀಗಿತ್ತಿ ಜಾನಮ್ಮ ಮನೆಯನ್ನೊಮ್ಮೆ ನೋಡಿ ಹೋಗಲು ಬಂದಳು.

ಜಾನಮ್ಮ ತೊಟ್ಟಿಲನ್ನು ನೋಡಲಿಲ್ಲ. ನೆಟ್ಟಗೆ ಹಿತ್ತಲಿಗೆ ಹೋಗಿ, ಅರವತ್ತೆರಡರ ವಯಸ್ಸಿನಲ್ಲಿ ಸೀರೆ ಎತ್ತಿ ಕಟ್ಟಿ, ಮೂರರಿಂದ ಐದಕ್ಕೆ ಹಾರಿ, ಮಾಳಿಗೆಯ ತೊಟ್ಟಿಯ ಮುಚ್ಚಳ ತೆಗೆದಳು. ಬಹಳ ಹೊತ್ತು ಒಳಗೇ ನೋಡಿದಳು.

"ಬೀಗರೇ, ಕೊಂಚ ಇಲ್ಲಿ ವಾಂಗ. ಇವೇನು?"

ಹರಿಹರನ್ ಇಣುಕಿದ. "ಹುಳ."

"ಏನ್ ಮಾಡ್ತಾ ಇದಾವೆ?"

"ಈಜ್ತಾ ಇದಾವೆ."

"ಈಜು ಕಲ್ತ ಮೇಲೆ ಏನಾಗ್ತಾವೆ?"

"ಸೊಳ್ಳೆ."

"ಸೊಳ್ಳೆ ಆಗಿ ಯಾರ್ನ ಕಡೀತಾವೆ? ನಿಮ್ಮನ್ನ ಕಡಿಯೋಕೆ ಅವಕ್ಕೇನು, ಹತ್ತು ದಿನದ ಎಳೇ ಕೂಸು ಪಕ್ಕದಲ್ಲೇ ಇರುವಾಗ?" ಜಾನಮ್ಮ ಮುಚ್ಚಳ ಮುಚ್ಚಿದಳು. "ಮೊದಲು ತೊಟ್ಟಿ ತೊಳೀರಿ, ಅಪ್ಪುರಂ ತೊಟ್ಟಿಲು ಕಟ್ರಿ. ಯಾವತ್ತು ತೊಳೀತೀರ?"

ಹರಿಹರನ್‌ನ ಬಾಯಿ ಅದಾಗಲೇ ತೆರೆದಿತ್ತು. "ಮುಂದಿನ ವಾರ."

ಜಾನಮ್ಮ ದ್ರಾಕ್ಷಾಯಣಿಯ ಮುಖ ನೋಡಿದಳು. ದ್ರಾಕ್ಷಾಯಣಿ ನೆಲ ನೋಡಿದಳು. ಅಲ್ಲಿಗೆ ಆಯಿತು. ಮಗುವೂ ಬಾಣಂತಿಯೂ ಆಸ್ಪತ್ರೆಯಿಂದ ತುಡಿಯಲೂರಿಗೇ ಹೋದರು, ಹಿಂದೆಯೇ ದ್ರಾಕ್ಷಾಯಣಿ ಚೀಲ ತುಂಬಿಕೊಂಡಳು.

"ಮಗಳ ಬಾಣಂತನಕ್ಕೆ ಬೀಗರ ಮನೆಗೆ ಬಟ್ಟೆ ಗಂಟು ಹಿಡ್ಕೊಂಡು ಓಗೋ ತಾಯಿ ನಮ್ಮ ಕುಲದಲ್ಲೇ ನಾನೊಬ್ಬಳೇ," ಎಂದಳು ಬಾಗಿಲಲ್ಲಿ. "ಅವರ ಅಡಿಗೇಮನೇಲಿ ಉಪ್ಪು ಎಲ್ಲೈತೆ ಅಂತ ಅವರನ್ನ ಕೇಳ್ಬೇಕು ನಾನು. ತೊಟ್ಟಿ ತೊಳೆದ ದಿನ ಫೋನ್ ಮಾಡ್ರಿ. ಅವತ್ತೇ ಕೂಸನ್ನ ಎತ್ಕೊಂಡು ಬತ್ತೀನಿ."

"ಮುಂದಿನ ವಾರ ದ್ರಾಕ್ಷಾ, ಸತ್ಯವಾಗಿ."

"ಸರಿ. ಅಂಗಾದ್ರೆ ನಾನೂ ಮುಂದಿನ ವಾರವೇ ಬತ್ತೀನಿ."

ಮೊದಲ ವಾರ ಬ್ಲೀಚಿಂಗ್ ಪುಡಿ ಇರಲಿಲ್ಲ. ಎರಡನೆಯ ವಾರ ಪುಡಿ ಬಂತು, ಬ್ರಷ್ಷಿನ ಹಿಡಿ ಮುರಿದಿತ್ತು. ಮೂರನೆಯ ವಾರ ಅಮಾವಾಸ್ಯೆ. ಅಮಾವಾಸ್ಯೆ ಒಂದೇ ದಿನ ಇರುತ್ತದಾದರೂ ಅದರ ದಣಿವು ವಾರವಿಡೀ ಇರುತ್ತದೆ. ಹರಿಹರನ್ ಮಗ್ಗ ನೋಡುತ್ತ, ಹೋಟೆಲಿನ ಇಡ್ಲಿ ತಿನ್ನುತ್ತ, ನಡುಮನೆಯಲ್ಲಿ ಹಾದುಹೋಗುವಾಗಲೆಲ್ಲ ಖಾಲಿ ತೊಟ್ಟಿಲನ್ನು ಒಂದು ಬೆರಳಿನಿಂದ ತೂಗಿ ಹೋಗುತ್ತಿದ್ದ. ಮೊಮ್ಮಗಳನ್ನು ಅವನು ಆಸ್ಪತ್ರೆಯಲ್ಲಿ ಒಂದೇ ಸಲ ನೋಡಿದ್ದ. ಆಗ ಅವಳು ಕಣ್ಣು ಬಿಟ್ಟಿರಲಿಲ್ಲ.

ನಾಲ್ಕನೆಯ ವಾರ ಕಾಳಿಯಮ್ಮ ಬಂದಳು.

ಕಾಳಿಯಮ್ಮ ಸೊಳ್ಳೆಯ ಲೆಕ್ಕದವಳು. ಒಂದು ಟಾರ್ಚು, ಒಂದು ಪುಸ್ತಕ, ಒಂದು ತುಂಡು ಸೀಮೆಸುಣ್ಣ ಹಿಡಿದು ಮನೆಮನೆಯ ತೊಟ್ಟಿ, ಡ್ರಮ್ಮು, ಹೂವಿನ ಕುಂಡ ನೋಡಿ ಗೋಡೆಯ ಮೇಲೆ ತಾರೀಖು ಬರೆದು ಹೋಗುವುದು ಅವಳ ಕೆಲಸ. ಮಧ್ಯಾಹ್ನದ ಬಿಸಿಲಲ್ಲಿ ಬಂದು ಮೆಟ್ಟಿಲ ಬುಡದಲ್ಲಿ ನಿಂತಳು. ಮೇಲೆ ನೋಡಿದಳು. ನಾಲ್ಕನೆಯ ಮೆಟ್ಟಿಲು ಇರಬೇಕಾದ ಕಡೆ ಆಕಾಶ ಕಂಡಿತು. ಮೊಣಕಾಲು ಉಜ್ಜಿಕೊಂಡಳು.

ಹರಿಹರನ್ ಜಗಲಿಯ ಮೇಲೆ ಅರೆನಿದ್ದೆಯಲ್ಲಿದ್ದ. "ಅಣ್ಣಾ, ತೊಟ್ಟಿ ಎಪ್ಪೋ ಕಳುವುನೀಂಗ?" ಎಂದಳು. ತೊಟ್ಟಿ ಯಾವಾಗ ತೊಳೆದಿರಿ ಎಂದು. ನಿದ್ದೆಗಣ್ಣಿನವನಿಗೆ ಕೇಳಿಸಿದ್ದು 'ತೊಟ್ಟಿ', ಮತ್ತು 'ಯಾವಾಗ'. ಈ ಎರಡು ಮಾತು ಕೂಡಿದರೆ ಏನು ಹೇಳಬೇಕೆಂದು ಅವನ ಬಾಯಿಗೆ ಕಂಠಪಾಠವಾಗಿತ್ತು.

"ಮುಂದಿನ ವಾರ."

"ಸರೀಂಗಣ್ಣಾ," ಎಂದು ಕಾಳಿಯಮ್ಮ ಸಂತೋಷದಿಂದ ಪುಸ್ತಕದಲ್ಲಿ ಬರೆದುಕೊಂಡು, ಗೋಡೆಯ ಮೇಲೆ ದಪ್ಪಕ್ಷರದಲ್ಲಿ ತೊಟ್ಟಿ ತೊಳೆದಿದೆ ಎಂದು ಹೋದ ವಾರದ ತಾರೀಖು ಹಾಕಿ ಹೋದಳು.

ಎಚ್ಚರವಾದ ಮೇಲೆ ಹರಿಹರನ್ ಅದನ್ನು ಓದಿದ. ತಪ್ಪು ಬರೆದಿದ್ದಾಳೆ, ಹೇಳಿ ಸರಿಪಡಿಸಬೇಕು ಎಂದುಕೊಂಡ. ಯಾವಾಗ ಹೇಳಬೇಕೆಂದೂ ನಿಶ್ಚಯಿಸಿಕೊಂಡ. ಯಾವ ವಾರ ಎಂಬುದನ್ನು ಕೇಳುವವರು ಊಹಿಸಿಕೊಳ್ಳಬಹುದು.

ಆ ನಡುವೆ ಬೀದಿಗೆ ಜ್ವರ ಬಂತು.

ಮೊದಲು ಮೂಲೆಮನೆಯ ಇಬ್ಬರಿಗೆ, ಆಮೇಲೆ ಎದುರುಸಾಲಿನಲ್ಲಿ ನಾಲ್ವರಿಗೆ. ಮೈಕೈ ನೋವು, ಕಣ್ಣ ಹಿಂದೆ ನೋವು, ಅದೇ ಸೊಳ್ಳೆಯ ಜ್ವರ. ಬೀದಿಯ ತುದಿಯಲ್ಲಿ ಡ್ರಮ್ಮಿಟ್ಟು ನೆಲಬೇವಿನ ಕಷಾಯ ಕೊಟ್ಟರು. ಹೊಗೆ ಹಾಕಿದರು, ಸೊಳ್ಳೆಗಳು ಪಕ್ಕದ ಬೀದಿಗೆ ಹೋಗಿ, ಊಟದ ಹೊತ್ತಿಗೆ ವಾಪಸು ಬಂದವು. ಒಬ್ಬರು ಚರಂಡಿಯನ್ನು ಬೈದರು, ಇನ್ನೊಬ್ಬರು ಬಾಡಿಗೆ ಕೋಣೆಯ ಹೊಸಬರನ್ನು ಬೈದರು. ಯಾರೂ ತಲೆಯೆತ್ತಿ ಮಾಳಿಗೆಯ ಕಡೆ ನೋಡಲಿಲ್ಲ. ಕುತ್ತಿಗೆಯನ್ನು ಅಷ್ಟು ಎತ್ತುವುದು ಕಷ್ಟದ ಕೆಲಸ.

ಆರೋಗ್ಯದ ಇನ್‌ಸ್ಪೆಕ್ಟರ್ ವೆಂಕಟಾಚಲಂ ಮಾತ್ರ ಪುಸ್ತಕ ನೋಡಿದರು. ಬೀದಿಯಲ್ಲಿ ಮೂವತ್ತೊಂದು ಮನೆ. ಮೂವತ್ತರ ಮುಂದೆ 'ತೊಳೆದಿಲ್ಲ'. ಒಂದರ ಮುಂದೆ 'ತೊಳೆದಿದೆ'.

ಮಾರನೆಯ ಬೆಳಿಗ್ಗೆ ಕ್ಲಿಪ್‌ಬೋರ್ಡು, ಕಾಳಿಯಮ್ಮ, ಹತ್ತಾರು ಜನ ಸಮೇತ ವೆಂಕಟಾಚಲಂ ಹರಿಹರನ್‌ನ ಬಾಗಿಲಿಗೆ ಬಂದರು. ಅವರು ಮಾತಾಡಲು ನಿಂತರೆ ಎದುರಿಗಿದ್ದವರು ಕೂತುಕೊಳ್ಳುವುದು ಕ್ಷೇಮ.

"ನೋಡಿ ಎಲ್ಲಾರೂ! ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ, ಹೆಂಡತಿ ಊರಲ್ಲಿಲ್ಲ. ಆದರೂ ಒಬ್ಬ ಮನುಷ್ಯ ತಾನಾಗಿ ಎದ್ದ, ತಾನಾಗಿ ಹತ್ತಿದ, ತಾನಾಗಿ ತೊಳೆದ!"

"ಸಾರ್," ಎಂದ ಹರಿಹರನ್, "ನಾನು ಏನೂ ಮಾಡಿಲ್ಲ ಸಾರ್."

"ಕೇಳಿದಿರಾ?" ಇನ್‌ಸ್ಪೆಕ್ಟರರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಏನೂ ಮಾಡಿಲ್ಲವಂತೆ! ಇದೇ ಅಲ್ಲವಾ ದೊಡ್ಡಗುಣ?"

"ನಿಜವಾಗ್ಲೂ ಸಾರ್, ಸತ್ಯವಾಗಿ ತೊಳೆದಿಲ್ಲ. ತೊಟ್ಟೀಲಿ ಹುಳ ಐತೆ."

"ಅಹಹ! ತಮಾಷೆ ಬೇರೆ!"

ಜನ ಚಪ್ಪಾಳೆ ತಟ್ಟಿದರು. ಸತ್ಯ ಹೇಳುವುದನ್ನೂ ಸಕಾಲದಲ್ಲಿ ಹೇಳಬೇಕು. ಹೊತ್ತು ಮೀರಿದರೆ ಸತ್ಯಕ್ಕೂ ಹುಳ ಬೀಳುತ್ತದೆ. ಸಂಜೆಯೊಳಗೆ ಬೀದಿಯ ಬಾಯಲ್ಲಿ ಫ್ಲೆಕ್ಸ್ ಎದ್ದಿತು. ಕೈಮುಗಿದ ಹರಿಹರನ್, ಮಗಳ ಮದುವೆಯ ಜರಿ ಪಂಚೆಯಲ್ಲಿ, ಆಳೆತ್ತರ. ಕೆಳಗೆ ತಮಿಳಿನಲ್ಲಿ: ನನ್ನ ತೊಟ್ಟಿ, ನನ್ನ ಹೊಣೆ.

ಅಷ್ಟಕ್ಕೇ ನಿಂತಿದ್ದರೆ ಚೌಡಮ್ಮ ಕ್ಷಮಿಸುತ್ತಿದ್ದಳೇನೋ. ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಮಾರಿಮುತ್ತು ಒಂದು ಕೊಡ ಹಿಡಿದು ಹಿತ್ತಲಿಗೆ ಬಂದ. ಅವನೂ ಮಗ್ಗದವನೇ, ತಮಿಳನು, ಮೃದು ಮನುಷ್ಯ. ಅವನ ಹೆಂಡತಿ ಕನ್ನಿಯಮ್ಮಾಳ್‌ಗೆ ಹಿಂದಿನ ದಿನ ಜ್ವರ ಹತ್ತಿತ್ತು.

"ಅಣ್ಣಾ, ಒಂದು ಕೊಡ ನೀರು. ಬೀದಿಯಲ್ಲೆಲ್ಲ ನಿಮ್ಮ ತೊಟ್ಟಿಯ ನೀರೊಂದೇ ಶುದ್ಧ ಅಂತ ಇನ್‌ಸ್ಪೆಕ್ಟರ್ ಅಂದರಲ್ಲ. ಅವಳಿಗೆ ಗಂಜಿಗೆ."

"ಬೇಡ ಮಾರಿಮುತ್ತು. ಈ ನೀರು ಬೇಡ."

ಮಾರಿಮುತ್ತುವಿನ ಮುಖ ಸಣ್ಣದಾಯಿತು. "ಕೊಡಕ್ಕಿಷ್ಟ ಇಲ್ಲಾಂದ್ರೆ ಪರವಾಗಿಲ್ಲಣ್ಣಾ."

"ಅಯ್ಯೋ, ಹಂಗಲ್ಲಪ್ಪಾ..." ಎಂದ ಹರಿಹರನ್. ಅದು ಹೇಗೆ ಎಂದು ಬಿಡಿಸಿ ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಎನಿಸಿತು. ಕೊಡ ತುಂಬಿತು. ಮಾರಿಮುತ್ತುವಿನ ಹಿಂದೆ ಎದುರುಮನೆಯವರು ಬಂದರು, ಅವರ ಹಿಂದೆ ಮೂಲೆಮನೆಯವರು. ಬಟ್ಟೆ ಸುತ್ತಿದ ಕೊಳಾಯಿಯ ಮುಂದೆ ಕೊಡಗಳ ಸಾಲು. ತೊಟ್ಟಿಯ ಹುಳದ ವಿಷಯ ಬಲ್ಲ ಏಕೈಕ ಪುರುಷ ಜಗಲಿಯ ಮೇಲೆ ಕೂತು, ಒಂದೊಂದು ಕೊಡ ಹೋದಾಗಲೂ ಕಣ್ಣು ಮುಚ್ಚಿ ತೆರೆಯುತ್ತಿದ್ದ. ನೋಡಿದವರು ಧ್ಯಾನ ಎಂದುಕೊಂಡರು.

ಎರಡು ದಿನಕ್ಕೆ ಕನ್ನಿಯಮ್ಮಾಳ್‌ಳನ್ನು ಆಸ್ಪತ್ರೆಗೆ ಸೇರಿಸಿದರು.

ಅದೇ ದಿನ ದ್ರಾಕ್ಷಾಯಣಿಯ ಫೋನ್ ಬಂತು. ಫ್ಲೆಕ್ಸಿನ ಫೋಟೋ ವಾಟ್ಸಾಪಿನಲ್ಲಿ ತುಡಿಯಲೂರು ಮುಟ್ಟಿತ್ತು.

"ಏನ್ರೀ, ನಿಜವಾ? ಬೀಗಿತ್ತಿ ನಂಬ್ತಾ ಇಲ್ಲ. ಫೋಟೋ ದೊಡ್ಡದು ಮಾಡ್ಕೊಂಡು ನೋಡಿ, ಪಂಚೆ ನನೆದೇ ಇಲ್ವಲ್ಲ ಅಂತಾರೆ. ನಾನೇ ಬಿಡದೆ ವಾದ ಮಾಡ್ದೆ. ನಮ್ಮವರು ಅಂದ್ರೆ ಏನಂದ್ಕೊಂಡಿದೀರಾ ಅಂದೆ. ನಾಲ್ಕು ವಾರದಲ್ಲಿ ಮೊದಲ್ನೇ ಸಲ ತಲೆ ಎತ್ತಿ ಮಾತಾಡ್ದೆ ಕಣ್ರೀ ಈ ಮನೇಲಿ." ಅವಳ ದನಿ ಹಾಡಿನಂತಿತ್ತು. "ತೊಳೆದದ್ದು ಯಾವತ್ತು?"

ಇಲ್ಲಿ ಸ್ವಲ್ಪ ನಿಂತು ಕೇಳಬೇಕು. ಹೆಂಡತಿಗೆ ಎರಡು ಭಾಷೆಯೂ ಬರುತ್ತದೆ. ಸಂದಿ ಮುಚ್ಚಿತ್ತು. ಬಾಯಿ ತೆರೆದು ಬಿಟ್ಟರೆ ಒಂದು ಅರ್ಥ, ತುಟಿ ಮುಚ್ಚಿದರೆ ಇನ್ನೊಂದು. ನಡುವೆ ಕಾಲು ಚಾಚಲು ಜಾಗವಿಲ್ಲ. ಹರಿಹರನ್ ತೊಟ್ಟಿಲ ಕಡೆ ನೋಡಿದ.

"ಮುಂದಿನ ವಾರಂ," ಎಂದ.

ಮೂವತ್ತು ವರ್ಷದಲ್ಲಿ ಆ ಮನೆಯೊಳಗೆ ಅವನು ಪೂರ್ತಿಯಾಗಿ ಮಾಡಿದ ಮೊದಲ ಕೆಲಸ ಅದು: ತುಟಿ ಮುಚ್ಚಿದ. ಮೊದಲ ಸುಳ್ಳೂ ಅದೇ.

"ನನ್ನಪ್ಪಾ!" ಎಂದಳು ದ್ರಾಕ್ಷಾಯಣಿ. "ಬರೋ ವೆಳ್ಳಿಕ್ಕಿಳಮೆ ಹನ್ನೊಂದು ಗಂಟೇಗೆಲ್ಲ ಕಾರಲ್ಲಿ ಬತ್ತೀವಿ. ಬೀಗಿತ್ತೀನೂ ಬತ್ತಾರೆ. ಕೂಸಿಗೆ ದೃಷ್ಟಿ ತೆಗೆಯೋಕೆ ಆರತಿ ತಟ್ಟೆ ಎತ್ತಿಟ್ಟಿರಿ."

ಶುಕ್ರವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಅಂದರೆ ಬೇಕಾದಷ್ಟಿತ್ತು. ಸೋಮವಾರ ಪಾವು, ಅಂದರೆ ಹಾಸುನೂಲಿನ ಸುರುಳಿ, ಮುಗಿದು ಹೊಸದನ್ನು ಮಗ್ಗಕ್ಕೇರಿಸುವುದಿತ್ತು. ಮಂಗಳವಾರ ಆರತಿ ತಟ್ಟೆ ಹುಡುಕಿದ. ಬುಧವಾರ ಬ್ರಷ್ಷಿಗೆ ಹಿಡಿ ಹಾಕಿಸಿದ. ಗುರುವಾರ ಮೂರನೆಯ ಮೆಟ್ಟಿಲವರೆಗೆ ಹತ್ತಿ, ಐದನೆಯದನ್ನು ನೋಡಿ, ಇಳಿದ. ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ, ಮನುಷ್ಯನಾದವನಿಗೆ ಇನ್ನು ಮುಂದೂಡಲು ಸಾಧ್ಯವೇ ಇಲ್ಲ ಎಂಬ ಗಳಿಗೆಯಲ್ಲಿ, ಲುಂಗಿ ಎತ್ತಿ ಕಟ್ಟಿ, ಹಾರಿ, ತೊಟ್ಟಿಗಿಳಿದ.

ಒಳಗೆ ಮೊಣಕಾಲು ಮಟ್ಟ ಕೆಸರು. ಅದು ಬರೀ ಕೆಸರಲ್ಲ, ಮೂವತ್ತು ವರ್ಷದ ಮುಂದಿನ ವಾರಗಳೆಲ್ಲ ಇಳಿದು ಹೆಪ್ಪುಗಟ್ಟಿದ್ದು. ಕೊಳವೆಯ ಬೆಣೆ ಕಿತ್ತ. ಮಾಳಿಗೆಯ ನೀರು ಬೀಳುವ ದೋಣಿ ಬೀದಿಯ ಕಡೆಗಿತ್ತು. ಅದನ್ನು ಹಿತ್ತಲಿಗೆ ತಿರುಗಿಸಬೇಕೆಂದು ದ್ರಾಕ್ಷಾಯಣಿ ಹೇಳುತ್ತಲೇ ಇದ್ದಳು. ಕಪ್ಪು ನೀರು ಭೋರ್ಗರೆದು ಬೀದಿಗೆ ಬಿತ್ತು.

ಅಷ್ಟರಲ್ಲಿ ಮೇಲಧಿಕಾರಿಗೆ ಕಳಿಸಲು ಫೋಟೋ ಬೇಕೆಂದು ವೆಂಕಟಾಚಲಂ ಬಂದರು. ಕಾಳಿಯಮ್ಮನೂ ಬೀದಿಯವರೂ ಹಿಂದೆ ಬಂದರು. ಎಲ್ಲರೂ ಒಬ್ಬೊಬ್ಬರಾಗಿ ಹಾರಿ ಮಾಳಿಗೆಯೇರಿ ತೊಟ್ಟಿಯ ಸುತ್ತ ನಿಂತರು.

"ಮೊನ್ನೆ ಮೊನ್ನೆ ತೊಳೆದವರು ಇವತ್ತು ಮತ್ತೆ ತೊಳೆಯುತ್ತಿದ್ದಾರೆ!" ವೆಂಕಟಾಚಲಂ ಗದ್ಗದಿತರಾದರು. "ಇವರ ಒಂದು ಫ್ಲೆಕ್ಸ್ ಸಾಲದು."

ಒಳಗಿಂದ ಹರಿಹರನ್ ಕೂಗಿದ. ಇದೇ ಮೊದಲು, ಹಿಂದೆ ತೊಳೆದೇ ಇಲ್ಲ, ನಾನು ಸುಳ್ಳ, ನನ್ನನ್ನು ನಂಬಬೇಡಿ ಎಂದು ಎರಡು ಭಾಷೆಯಲ್ಲೂ ಕೂಗಿದ. ಖಾಲಿಯಾಗುತ್ತಿದ್ದ ತೊಟ್ಟಿಯೊಳಗೆ ಮಾತು ಗುಂಯ್ಗುಟ್ಟಿ, ಮೇಲೆ ಬಂದಾಗ ಬರೀ ಓಂಕಾರದಂತೆ ಕೇಳಿಸಿತು.

"ಮಂತ್ರ ಹೇಳ್ಕೊಂಡು ತೊಳೀತಾರೆ," ಎಂದಳು ಕಾಳಿಯಮ್ಮ, ಕೆನ್ನೆ ಬಡಿದುಕೊಂಡು.

ಫೋಟೋ ತೆಗೆದು ಎಲ್ಲರೂ ಇಳಿದರು. ಮಾರಿಮುತ್ತು ಒಬ್ಬ ಉಳಿದ. ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಬಂದವನು ಗದ್ದಲ ಕೇಳಿ ಮೇಲೆ ಬಂದಿದ್ದ. ಹರಿಹರನ್ ಕೆಸರು ತುಂಬಿ ಮೇಲೆ ನೀಡಿದ ಬಕೇಟನ್ನು ಅವನೇ ಬಗ್ಗಿ ಇಸಿದುಕೊಂಡ. ಇಸಿದುಕೊಂಡವನು ಅದರೊಳಗೆ ನೋಡಿದ. ಕೆಸರಿನ ಮೇಲೆ ನಾಲ್ಕು ಬೆರಳಷ್ಟು ನೀರು, ನೀರಿನಲ್ಲಿ ಹುಳಗಳು ಕೊಂಕಿ ಕೊಂಕಿ ಈಜುತ್ತಿದ್ದವು.

"ಅಣ್ಣಾ," ಎಂದ ಬಹಳ ಮೆಲ್ಲಗೆ, "ಈ ನೀರನ್ನೇ ಅವಳಿಗೆ ಗಂಜಿ ಕಾಯಿಸಿಕೊಟ್ಟೆ."

ಹರಿಹರನ್ ತೊಟ್ಟಿಯೊಳಗಿಂದ ತಲೆಯೆತ್ತಿದ. ಮಾರಿಮುತ್ತು ಬಕೇಟನ್ನು ಚೆಲ್ಲದಂತೆ ಕೆಳಗಿಟ್ಟು, ಐದರಿಂದ ಮೂರಕ್ಕೆ ಹಾರಿ ಹೊರಟುಹೋದ.

ತೊಟ್ಟಿ ಬೆಳ್ಳಗಾಗುವಾಗ ಹನ್ನೆರಡಾಗಿತ್ತು. ಹರಿಹರನ್ ಸ್ನಾನ ಮಾಡಿ, ಜರಿ ಪಂಚೆಯುಟ್ಟು, ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ. ಒಂದಾಯಿತು. ಎರಡಾಯಿತು. ಗಡಿಯಾರದಲ್ಲಿ ನಾಲ್ಕೂ ಹತ್ತೇ ಇತ್ತು, ಆ ನಾಲ್ಕೂ ಹತ್ತು ನಿಜವಾಗಿ ಬಂದು ದಾಟಿಯೂ ಹೋಯಿತು. ಆರತಿಯ ಕೆಂಪುನೀರಿನಲ್ಲಿ ಒಂದು ಸೊಳ್ಳೆ ಬಿದ್ದು ಸತ್ತಿತು. ಫೋನ್ ಮಾಡಿದ, ಎತ್ತಲಿಲ್ಲ. ಶನಿವಾರ ಮಾಡಿದ, ಭಾನುವಾರ ಮಾಡಿದ. ಎತ್ತಲಿಲ್ಲ.

ಸೋಮವಾರ ಕನ್ನಿಯಮ್ಮಾಳ್‌ಳನ್ನು ಮನೆಗೆ ಕರೆತಂದರು. ಬದುಕಿದ್ದಳು, ಅಷ್ಟೇ, ಆಟೋದಿಂದ ಇಳಿದು ಗೋಡೆ ಹಿಡಿದು ಒಳಗೆ ಹೋದಳು. ಮಾರಿಮುತ್ತು ಬಾಗಿಲಲ್ಲಿ ನಿಂತಿದ್ದ. ಹರಿಹರನ್ ಹತ್ತಿರ ಹೋದ. ಕ್ಷಮಿಸು ಎನ್ನಬೇಕೆಂದಿದ್ದ, ಬಾಯಿಗೆ ಬಂದದ್ದು ಬೇರೆ.

"ಮೊಮ್ಮಗಳು ಬರೋದಿತ್ತು ಮಾರಿಮುತ್ತು. ಏನೋ ತಡೆಯಾಗಿದೆ. ಬಹುಶಃ... ಮುಂದಿನ ವಾರ."

"ಗೊತ್ತಣ್ಣಾ," ಎಂದ ಮಾರಿಮುತ್ತು, ತಮಿಳನಿಗೆ ಕೇಳಿಸಬೇಕಾದಂತೆಯೇ ಕೇಳಿಸಿಕೊಂಡು. "ವೆಳ್ಳಿಕ್ಕಿಳಮೆ ಬಂದಿದ್ದರಲ್ಲ. ನಾನೇ ನೋಡಿದೆ."

"ಎಷ್ಟೊತ್ತಿಗೆ?" ಎಂದ ಹರಿಹರನ್.

"ನಾನು ಆಸ್ಪತ್ರೆಗೆ ಹೊರಟಿದ್ದೆ. ಬಿಳೀ ಕಾರು ನಿಮ್ಮ ಮನೆ ಮುಂದೆ ಬಂತು. ದೋಣಿಯಿಂದ ಕಪ್ಪು ನೀರು ಕಾರಿನ ಮೇಲೇ ಬಿತ್ತು. ಮುಂದೆ ಕೂತಿದ್ದ ಅಮ್ಮ ಕಿಟಕಿ ಇಳಿಸಿ ಮೇಲೆ ನೋಡಿದರು, ಆಮೇಲೆ ತಿರುಗಿ ಬೀದಿಯ ಬಾಯಲ್ಲಿರುವ ನಿಮ್ಮ ಫ್ಲೆಕ್ಸ್ ನೋಡಿದರು. ಗಾಡಿ ತಿರುಗಿಸಿ ಅಂದರು. ಹಿಂದಿನ ಸೀಟಲ್ಲಿ ನಿಮ್ಮ ಮನೆಯವರು ಸೆರಗು ಮುಖಕ್ಕೆ ಹಿಡಿದಿದ್ದರು." ಮಾರಿಮುತ್ತು ಒಳಗೆ ಹೋಗಲು ತಿರುಗಿ, "ಕೂಸು ಅಳುತ್ತಿತ್ತಣ್ಣಾ. ಒಳ್ಳೇ ದನಿ," ಎಂದ.

ಅವತ್ತು ಮಧ್ಯಾಹ್ನ ಹರಿಹರನ್ ಜಗಲಿಯ ಮೇಲೆ ಮಲಗಲಿಲ್ಲ. ಬೀದಿಯ ಬಾಯಿಗೆ ಹೋಗಿ ಫ್ಲೆಕ್ಸ್ ಬಿಚ್ಚಿ ತಂದ, ಸುರುಳಿ ಸುತ್ತಿ ನೂಲಿನ ಮೂಟೆಗೆ ಮುಚ್ಚಿದ. ಮಂಗಳವಾರ ಸಿಮೆಂಟ್ ಕಲಸಿ ನಾಲ್ಕನೆಯ ಮೆಟ್ಟಿಲು ಕಟ್ಟಿದ. ಬುಧವಾರ ಕೊಳಾಯಿಯ ವಾಷರ್ ಬದಲಾಯಿಸಿದ. ಮೂರು ವರ್ಷ ತೊಟ್ಟಿಕ್ಕಿದ್ದು ಒಂದು ಗುಂಡಿಯಷ್ಟಗಲದ ರಬ್ಬರಿಗಾಗಿ. ಗುರುವಾರ ದೋಣಿಯನ್ನು ಹಿತ್ತಲಿಗೆ ತಿರುಗಿಸಿ, ಗಡಿಯಾರಕ್ಕೆ ಸೆಲ್ಲು ಹಾಕಿದ. ಅದು ಟಿಕ್ ಎಂದಾಗ ಅವನೇ ಬೆಚ್ಚಿದ. ದಿನಾ ಬೆಳಿಗ್ಗೆ ಊರ ನಲ್ಲಿಯಿಂದ ಒಂದು ಕೊಡ ನೀರು ತಂದು ಮಾರಿಮುತ್ತುವಿನ ಜಗಲಿಯ ಮೇಲಿಟ್ಟು ಬರುತ್ತಿದ್ದ. ಮಾರಿಮುತ್ತು ಬೇಡ ಎನ್ನಲಿಲ್ಲ. ಒಳಗೆ ಬನ್ನಿ ಎಂದೂ ಅನ್ನಲಿಲ್ಲ.

ಬೀದಿಯವರು ಇದನ್ನೆಲ್ಲ ನೋಡಿ ಗಾಬರಿಗೊಂಡರು. "ಆರೋಗ್ಯ ಸರಿಯಿಲ್ಲವೇನೋ, ಪಾಪ," ಎಂದರು.

ಶುಕ್ರವಾರ ಕಾಳಿಯಮ್ಮ ಬಂದಳು. ನಾಲ್ಕನೆಯ ಮೆಟ್ಟಿಲನ್ನು ಕಾಲಿನಿಂದ ಒತ್ತಿ ನೋಡಿ, ಹತ್ತಿ, ಮುಚ್ಚಳ ತೆಗೆದಳು. ತೊಟ್ಟಿಯಲ್ಲಿ ಅವಳ ಮುಖ ಸ್ಪಷ್ಟವಾಗಿ ಕಂಡಿತು.

"ಎಪ್ಪೋ ಕಳುವುನೀಂಗಣ್ಣಾ?"

"ಇವತ್ತು. ಬೆಳಿಗ್ಗೆ ಆರಕ್ಕೆ." ಹರಿಹರನ್ ಕೆಳಗಿನ ಗೋಡೆಯ ಕಡೆ ಕೈ ತೋರಿ, "ನೀವು ಮೊದಲು ಬರೆದದ್ದು ತಪ್ಪು. ಅದನ್ನ ಅಳಿಸಿ," ಎಂದ.

ಕಾಳಿಯಮ್ಮ ಅಳಿಸಲಿಲ್ಲ. "ಪುಸ್ತಕದಲ್ಲಿ ಹೋಗಿಬಿಟ್ಟಿದೆಯಲ್ಲ," ಎಂದು ಕೆಳಗೆ ಹೊಸ ತಾರೀಖು ಬರೆದು ಹೋದಳು.

ಆಗಲೇ ಫೋನ್ ಬಂದದ್ದು. ಶೆಡ್ಡಿನ ಬಾಗಿಲಲ್ಲೇ ಎತ್ತಿಕೊಂಡ. ದ್ರಾಕ್ಷಾಯಣಿ ಏನೋ ಹೇಳುತ್ತಿದ್ದಳು, ಮಗ್ಗಗಳು ಅದನ್ನು ನುಂಗುತ್ತಿದ್ದವು. ಹರಿಹರನ್ ಓಡಿ ಒಂದೊಂದಾಗಿ ನಾಲ್ಕು ಮಗ್ಗವನ್ನೂ ನಿಲ್ಲಿಸಿದ. ಆ ಬೀದಿಯಲ್ಲಿ ನಾಲ್ಕು ಮಗ್ಗ ಒಟ್ಟಿಗೆ ನಿಲ್ಲುವುದು ಸಾವಿಗೆ ಮಾತ್ರ. ಮಾರಿಮುತ್ತು ಗಾಬರಿಯಿಂದ ಹೊರಗೆ ಬಂದು ಇಣುಕಿದ.

"ಮೆಟ್ಟಿಲು?" ಎಂದಳು ದ್ರಾಕ್ಷಾಯಣಿ.

"ಆಯ್ತು."

"ಕೊಳಾಯಿ?"

"ತೊಟ್ಟಿಕ್ಕಲ್ಲ."

"ಗಡಿಯಾರ?"

"ಈಗ ಹನ್ನೊಂದೂ ಇಪ್ಪತ್ತು."

ಆ ಕಡೆ ಅವಳು ಗೋಡೆ ನೋಡಿರಬೇಕು. ಹೊತ್ತು ಸರಿಯಾಗಿತ್ತೋ ಏನೋ, ಉಸಿರು ಕೇಳಿಸಿತು.

"ದೋಣೀನ ಹಿತ್ತಲಿಗೆ ತಿರುಗಿಸ್ದೆ ದ್ರಾಕ್ಷಾ. ಬೀದಿಗೆ ಬೀಳಲ್ಲ."

"ನೋಡಿದ್ರಾ ಅವತ್ತು, ನಾವು ಬಂದದ್ನ?"

"ಇಲ್ಲ. ಮಾರಿಮುತ್ತು ಹೇಳ್ದ."

"ಇಲ್ಲಿ ಈಗ ಉಪ್ಪು ಎಲ್ಲೈತೆ ಅಂತ ನಂಗೆ ಗೊತ್ತು," ಎಂದಳು ದ್ರಾಕ್ಷಾಯಣಿ. "ಕೇಳೋದು ಬೇಕಾಗಿಲ್ಲ."

ಹರಿಹರನ್ ಫೋನನ್ನು ಕಿವಿಗೆ ಒತ್ತಿಕೊಂಡ. "ಕೂಸನ್ನ ಕರ್ಕೊಂಡು ಬರೋದು ಯಾವಾಗ ದ್ರಾಕ್ಷಾ?"

"ಮುಂದಿನ ವಾರ," ಎಂದಳು ದ್ರಾಕ್ಷಾಯಣಿ.

ಆ ಮಾತಿನ ಬಾಲಕ್ಕೇ ಅಂಟಿಕೊಂಡು, ಅವಳ ತೋಳಿನಲ್ಲಿದ್ದ ಕೂಸು "ಮ್" ಎಂದಿತು. ಅಥವಾ ಕೂಸಲ್ಲ, ಅವಳೇ ತುಟಿ ಮುಚ್ಚಿದಳೋ ಏನೋ. ಬರುತ್ತೇವೆ ಎಂದಳೋ, ಬಂದದ್ದಾಯಿತಲ್ಲ ಎಂದಳೋ. ಕೇಳೋಣವೆಂದರೆ ಫೋನ್ ಇಟ್ಟಾಗಿತ್ತು.

ನಾಲ್ಕು ಮಗ್ಗವೂ ನಿಂತೇ ಇದ್ದವು. "ಏನಾಯ್ತಣ್ಣಾ?" ಎಂದು ಮಾರಿಮುತ್ತು ಅಲ್ಲಿಂದಲೇ ಕೇಳಿದ. ಹರಿಹರನ್ ಹೇಳಲು ಬಾಯಿ ತೆರೆದ. ಯಾವ ಭಾಷೆಯಲ್ಲಿ ಹೇಳಬೇಕೆಂದು ತಿಳಿಯದೆ, ತುಟಿ ಮುಚ್ಚಿಕೊಂಡ.